ಪಕ್ಕೆಲುಬು: ಮೈಯಿಂದ ಮಟನ್ ಅಂಗಡಿವರೆಗೆ, ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದ ಕಡೆ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳುವ ಮೇಷ್ಟ್ರು ನಾನು. ಅಸ್ಥಿಪಂಜರದ ಪಾಠ ಬಂದಾಗ ಮಕ್ಕಳು ಕೇಳುವ ಪ್ರಶ್ನೆ ಒಂದು ಥರ, ಅವರ ಅಪ್ಪ ಅಮ್ಮ ಕೇಳೋದು ಇನ್ನೊಂದು ಥರ, ಟೀ ಅಂಗಡಿ ಹತ್ತಿರ ಸಿಗುವವರು ಕೇಳೋದು ಮತ್ತೊಂದು ಥರ. ಎಲ್ಲವನ್ನೂ ಒಂದೇ ಕಡೆ ಹಾಕಿದ್ದೇನೆ. ಮೈಯ ವಿಷಯವೇ ಜಾಸ್ತಿ ಇದೆ, ಯಾಕಂದರೆ ತಪ್ಪು ತಿಳಿವಳಿಕೆ ಜಾಸ್ತಿ ಇರೋದು ಅಲ್ಲೇ. ಓದಿದ ಮೇಲೂ ನೋವಿದ್ದರೆ ಡಾಕ್ಟರ ಹತ್ತಿರ ಹೋಗಿ, ನನ್ನ ಹತ್ತಿರ ಬರಬೇಡಿ.

ಪಕ್ಕೆ, ಪಕ್ಕೆ ಮೂಳೆ, ಪಕ್ಕೆಲುಬು, ರಿಬ್ಬು, ಎಲ್ಲ ಒಂದೇನಾ?

ಕಂಕುಳಿಂದ ಸೊಂಟದವರೆಗಿನ ಬದಿ ಪೂರ್ತಿ ಪಕ್ಕೆ. ಅದರೊಳಗಿನ ಬಾಗಿದ ಮೂಳೆ ಪಕ್ಕೆಲುಬು, ಮಾತಿನಲ್ಲಿ ಪಕ್ಕೆ ಮೂಳೆ. ಆಸ್ಪತ್ರೆಗೆ ಹೋದಾಗ ಈ ವ್ಯತ್ಯಾಸ ಬೇಕಾಗುತ್ತದೆ. ಸುಮ್ನೆ "ಪಕ್ಕೆ ನೋವು ಸಾರ್" ಅಂದರೆ ಅದು ಮೂಳೆ ನೋವೂ ಇರಬಹುದು, ಕಿಡ್ನಿ ಕಲ್ಲೂ ಇರಬಹುದು. ಎಲ್ಲಿ ಅಂತ ಬೆರಳಿಟ್ಟು ತೋರಿಸಿ. ಇನ್ನು ರಿಬ್ ಅನ್ನೋ ಮಾತನ್ನು ಟೈರ್ ಅಂಗಡಿಯವರು, ಕಂಬಿ ಮಾರುವವರು, ಬನಿಯನ್ ಹೊಲಿಯುವವರು ಎಲ್ಲರೂ ಆಡುತ್ತಾರೆ. ಅವರ ಸರದಿ ಕೆಳಗಿದೆ.

ಮನುಷ್ಯನಿಗೆ ಒಟ್ಟು ಎಷ್ಟು?

24. ಎರಡೂ ಕಡೆ 12, 12. ಹಿಂದೆ ಎಲ್ಲವೂ ಬೆನ್ನುಮೂಳೆಗೆ ಸೇರಿವೆ. ಮುಂದೆ ಮೇಲಿನ ಏಳು ಜೊತೆ ನೇರವಾಗಿ ಎದೆಮೂಳೆಗೆ ಬಂದು ಕೂಡುತ್ತವೆ. ಆಮೇಲಿನ ಮೂರು ಜೊತೆ ತಮ್ಮ ಮೇಲಿನ ಪಕ್ಕೆಲುಬಿನ ಮೃದುಮೂಳೆಗೆ ಅಂಟಿಕೊಂಡು ಸುತ್ತಿ ಬರುತ್ತವೆ. ಕೊನೆಯ ಎರಡು ಜೊತೆಗೆ ಮುಂದೆ ಆಸರೆಯೇ ಇಲ್ಲ, ಅರ್ಧಕ್ಕೇ ನಿಂತುಬಿಡುತ್ತವೆ. ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಜನಕ್ಕೆ ಕುತ್ತಿಗೆ ಬುಡದಲ್ಲಿ ಒಂದು ಹೆಚ್ಚುವರಿ ಪಕ್ಕೆಲುಬು ಇರುತ್ತದೆ. ಬಹಳಷ್ಟು ಜನಕ್ಕೆ ಅದು ಇರೋದೇ ಗೊತ್ತಾಗಲ್ಲ. ಕೆಲವರಿಗೆ ಮಾತ್ರ ಅದು ನರವನ್ನು ಒತ್ತಿ ಕೈ ಜೋಮು ಹಿಡಿಯುತ್ತದೆ.

ಗಂಡಸರಿಗೆ ಒಂದು ಕಡಿಮೆ ಅಂತಾರಲ್ಲ, ನಿಜವಾ?

ಸುಳ್ಳು. ದೇವರು ಆದಾಮನ ಪಕ್ಕೆಲುಬು ತೆಗೆದು ಹವ್ವಳನ್ನು ಮಾಡಿದ ಅನ್ನುವ ಬೈಬಲ್ ಕಥೆಯಿಂದ ಬಂದ ನಂಬಿಕೆ ಇದು. ಹೆಣ ಕೊಯ್ದು ಕಣ್ಣಾರೆ ನೋಡಿ ಬರೆದ ವೆಸಾಲಿಯಸ್ 1543ರಲ್ಲೇ ಇಬ್ಬರಿಗೂ ಅಷ್ಟೇ ಇವೆ ಅಂತ ಹೇಳಿದ್ದಾನೆ. ಆದರೂ ನಮ್ಮ ತರಗತಿಯಲ್ಲಿ ಪ್ರತಿ ವರ್ಷ ಯಾರಾದರೂ ಒಬ್ಬ ಕೈ ಎತ್ತೇ ಎತ್ತುತ್ತಾನೆ.

ಉಸಿರಾಡುವಾಗ ಪಕ್ಕೆಲುಬು ಅಲ್ಲಾಡುತ್ತಾ? ಅದು ಪಂಜರ ಅಲ್ವಾ?

ಪಂಜರ ಅಂತ ಕರೆದು ಕೆಡಿಸಿದ್ದೇವೆ. ಗಟ್ಟಿಯಾಗಿ ನಿಂತಿರೋ ಪಂಜರ ಆಗಿದ್ದರೆ ಉಸಿರೇ ಆಡ್ತಿರಲಿಲ್ಲ. ಒಂದು ಕೆಲಸ ಮಾಡಿ: ಎರಡೂ ಅಂಗೈಯನ್ನು ಪಕ್ಕೆಯ ಕೆಳಭಾಗಕ್ಕೆ ಒತ್ತಿಟ್ಟು, ನಡುಬೆರಳುಗಳ ತುದಿ ಮುಂದೆ ಒಂದಕ್ಕೊಂದು ತಾಗುವ ಹಾಗೆ ಹಿಡಿದು, ಉದ್ದಕ್ಕೆ ಉಸಿರು ಎಳೆಯಿರಿ. ಬೆರಳುಗಳು ದೂರ ಸರಿಯುತ್ತವೆ. ಕೆಳಗೆ ಬಿದ್ದಿರುವ ಬಕೆಟ್ ಹಿಡಿಯನ್ನು ಎತ್ತಿದರೆ ಅದು ಮೇಲಕ್ಕೂ ಹೊರಕ್ಕೂ ಬರುತ್ತಲ್ಲ, ಪಕ್ಕೆಲುಬು ಹಾಗೇ ಏಳುತ್ತದೆ. ಒಳಗೆ ಜಾಗ ಹೆಚ್ಚಾಗಿ ಗಾಳಿ ನುಗ್ಗುತ್ತದೆ. ನಿದ್ದೆಯಲ್ಲೂ ಇದು ನಿಲ್ಲಲ್ಲ. ಮುರಿದ ಪಕ್ಕೆಲುಬು ಅಷ್ಟೊಂದು ನೋಯೋದಕ್ಕೆ ಕಾರಣವೂ ಇದೇ. ಮುರಿದ ಕೈಗೆ ರಜಾ ಕೊಡಬಹುದು, ಇದಕ್ಕೆ ಕೊಡೋಕಾಗಲ್ಲ.

ಇನ್ನೊಂದು ಕೆಲಸವೂ ಇದಕ್ಕಿದೆ. ದೊಡ್ಡವರಾದ ಮೇಲೆ ಕೈಕಾಲಿನ ಉದ್ದ ಮೂಳೆಗಳಲ್ಲಿ ಬಹುಪಾಲು ಕೊಬ್ಬು ತುಂಬಿಕೊಳ್ಳುತ್ತದೆ. ಪಕ್ಕೆಲುಬಿನೊಳಗಿನ ಕೆಂಪು ಮಜ್ಜೆ ಮಾತ್ರ ಸಾಯೋತನಕ ರಕ್ತ ಮಾಡುತ್ತಲೇ ಇರುತ್ತದೆ.

ಬಚ್ಚಲಲ್ಲಿ ಜಾರಿಬಿದ್ದೆ. ಮುರಿದಿದೆಯಾ ಅಂತ ಹೇಗೆ ಗೊತ್ತಾಗುತ್ತೆ?

ಒಂದು ಜಾಗ ಒತ್ತಿದರೆ ಅಲ್ಲೇ ಚಿಟ್ಟನೆ ಚೀರುವಷ್ಟು ನೋವು, ಕೆಮ್ಮಿದರೆ, ಸೀನಿದರೆ, ಮಗ್ಗುಲು ಬದಲಿಸಿದರೆ ಜೀವ ಹೋದ ಹಾಗೆ ಆಗುವುದು, ಇವೆಲ್ಲ ಬಿರುಕಿನ ಲಕ್ಷಣ. ಬರೀ ಪೆಟ್ಟಾಗಿದ್ದರೂ ಇಷ್ಟೇ ನೋಯಬಹುದು. ಎಕ್ಸ್‌ರೇಯಲ್ಲಿ ಎಲ್ಲ ಬಿರುಕೂ ಕಾಣಲ್ಲ. ಹಾಗಾಗಿ "ಎಕ್ಸ್‌ರೇ ನಾರ್ಮಲ್, ಆದ್ರೂ ನೋವು, ಡಾಕ್ಟ್ರಿಗೆ ಗೊತ್ತಾಗ್ಲಿಲ್ಲ" ಅಂತ ಬೈಕೊಂಡು ಓಡಾಡಬೇಡಿ. ಬಿರುಕಿಗೂ ಬರೀ ಪೆಟ್ಟಿಗೂ ಮದ್ದು ಹೆಚ್ಚುಕಡಿಮೆ ಒಂದೇ.

ತಡ ಮಾಡಬಾರದ ಸಂದರ್ಭ ಬೇರೆ. ಉಸಿರು ಸಾಲದ ಹಾಗೆ ಆದರೆ, ಕೆಮ್ಮಿದಾಗ ರಕ್ತ ಬಂದರೆ, ತಲೆ ಸುತ್ತಿ ಬೆವರು ಬಂದರೆ ತಕ್ಷಣ ಆಸ್ಪತ್ರೆ. ಎಡಗಡೆ ಕೆಳಗಿನ ಪಕ್ಕೆಲುಬುಗಳ ಹಿಂದೆ ಗುಲ್ಮ (ಸ್ಪ್ಲೀನ್) ಇದೆ, ಬಲಗಡೆ ಪಿತ್ತಜನಕಾಂಗ (ಲಿವರ್). ಅಲ್ಲಿ ಪೆಟ್ಟು ಬಿದ್ದು ಹೊಟ್ಟೆಯೂ ನೋಯುತ್ತಿದ್ದರೆ ಒಳಗೆ ರಕ್ತ ಸೋರುತ್ತಿರಬಹುದು. ಬೈಕ್ ಹ್ಯಾಂಡಲ್ ಒತ್ತಿದ್ದು, ತೆಂಗಿನ ಮರದಿಂದ ಬಿದ್ದಿದ್ದು, ಎತ್ತು ತಿವಿದಿದ್ದು, ಇವನ್ನೆಲ್ಲ "ಬೆಳಗ್ಗೆ ನೋಡೋಣ" ಅಂತ ಬಿಡಬೇಡಿ. ಮಂಡ್ಯದಲ್ಲಿದ್ದರೆ ಮಿಮ್ಸ್ ಸರ್ಕಾರಿ ಆಸ್ಪತ್ರೆ, ಮೈಸೂರಲ್ಲಿದ್ದರೆ ಕೆ.ಆರ್. ಆಸ್ಪತ್ರೆ, ಗಾಡಿ ಇಲ್ಲದಿದ್ದರೆ 108.

ಬಿಗಿಯಾಗಿ ಕಟ್ಟು ಹಾಕಿಸಿಬಿಡಲಾ?

ಬೇಡ. ಇದೊಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಹಿಂದೆ ಆಸ್ಪತ್ರೆಗಳಲ್ಲೂ ಎದೆ ಸುತ್ತ ಪಟ್ಟಿ ಬಿಗಿಯುತ್ತಿದ್ದರು, ಈಗ ಬಿಟ್ಟಿದ್ದಾರೆ. ಬಿಗಿದರೆ ನೋವು ಕಡಿಮೆ ಆದ ಹಾಗೆ ಅನ್ನಿಸುತ್ತದೆ, ಆದರೆ ಪೂರ್ತಿ ಉಸಿರು ಎಳೆಯೋಕಾಗಲ್ಲ. ಶ್ವಾಸಕೋಶದ ತಳದಲ್ಲಿ ಕಫ ನಿಂತು ನ್ಯುಮೋನಿಯಾ ಆಗಬಹುದು. ವಯಸ್ಸಾದವರಲ್ಲಿ ಬಿರುಕಿಗಿಂತ ಈ ನ್ಯುಮೋನಿಯಾನೇ ಅಪಾಯ.

ಮಾಡಬೇಕಾದದ್ದು ಹೀಗೆ. ಡಾಕ್ಟರ್ ಕೊಟ್ಟ ನೋವಿನ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ನುಂಗಿ, "ನೋವು ತಡ್ಕೋತೀನಿ" ಅನ್ನೋ ಶೂರತ್ವ ಬೇಡ. ನೋವು ಕಡಿಮೆ ಇದ್ದರೆ ತಾನೇ ಉದ್ದ ಉಸಿರು ಎಳೆಯೋಕಾಗೋದು? ಎಚ್ಚರ ಇರುವಾಗ ಗಂಟೆಗೊಮ್ಮೆ ಹತ್ತು ಸಲ ಆಳವಾಗಿ ಉಸಿರಾಡಿ. ಕೆಮ್ಮು ಬಂದರೆ ದಿಂಬನ್ನು ನೋವಿರುವ ಪಕ್ಕೆಗೆ ಅವಚಿಕೊಂಡು ಕೆಮ್ಮಿ, ಕೆಮ್ಮನ್ನು ತಡೆಯಬೇಡಿ. ಸುಮಾರು ಆರು ವಾರದಲ್ಲಿ ಮೂಳೆ ಕೂಡುತ್ತದೆ. ಬೀಡಿ ಸಿಗರೇಟು ಸೇದುವವರು ಅಷ್ಟು ದಿನವಾದರೂ ಬಿಡಿ.

ಪಕ್ಕೆ ಹಿಡ್ಕೊಂಡಿದೆ. ಕಾಲು ಮುಂದಾಗಿ ಹುಟ್ಟಿದವರ ಹತ್ತಿರ ಒದೆಸಿಕೊಂಡರೆ ಹೋಗುತ್ತಂತೆ?

ನಮ್ಮ ಕಡೆ ಹಳೆಯ ನಂಬಿಕೆ. ಹಿಡಿದ ಸ್ನಾಯು ಎರಡು ಮೂರು ದಿನದಲ್ಲಿ ತಾನಾಗೇ ಬಿಡುತ್ತದೆ, ಹೆಸರು ಒದ್ದವರಿಗೆ ಹೋಗುತ್ತದೆ. ಮೆಲ್ಲಗೆ ಕಾಲು ತಾಗಿಸಿದರೆ ನನ್ನ ತಕರಾರಿಲ್ಲ. ಆದರೆ ಬಿದ್ದು ಪೆಟ್ಟಾದ ಪಕ್ಕೆಗೆ ಒದೆಯೋದು, ತಿಕ್ಕೋದು, ಎಳೆಯೋದು ಬೇಡವೇ ಬೇಡ. ಬಿರುಕು ಬಿಟ್ಟ ಮೂಳೆಯ ತುದಿ ಸರಿದು ಶ್ವಾಸಕೋಶಕ್ಕೆ ಚುಚ್ಚಬಹುದು.

ಎಡಪಕ್ಕೆ, ಎದೆ ಹತ್ತಿರ ನೋವು. ಗ್ಯಾಸಾ, ಮೂಳೆಯಾ, ಹಾರ್ಟಾ?

ಪಕ್ಕೆಲುಬು ಎದೆಮೂಳೆಗೆ ಸೇರುವ ಮೃದುಮೂಳೆ ಊದಿಕೊಂಡು ನೋಯುವುದುಂಟು. ಬೆರಳಲ್ಲಿ ಒತ್ತಿದರೆ ಆ ನೋವು ಜಾಸ್ತಿಯಾಗುತ್ತದೆ. ಎದೆ ಮೇಲೆ ಭಾರ ಹೇರಿದ ಹಾಗೆ ಆಗಿ, ಎಡಗೈಗೋ ದವಡೆಗೋ ಹರಿದು, ಬೆವರು ಬಂದರೆ ಅದು ಹಾರ್ಟ್. ಆದರೆ ಒತ್ತಿ ನೋಡಿ ಮನೆಯಲ್ಲೇ ತೀರ್ಮಾನ ಮಾಡುವ ವಿಷಯ ಇದಲ್ಲ. ಮಂಡ್ಯ ಜಿಲ್ಲೆಯಲ್ಲಿ ಏನಾದರೂ ಜನ "ಗ್ಯಾಸ್ಟ್ರಿಕ್ಕೇ" ಅಂದುಬಿಡುತ್ತಾರೆ. ಸೋಡಾ ಕುಡಿದು ಮಲಗಿ ಹೊತ್ತು ಕಳೆಯುವ ಬದಲು ಒಂದು ಇಸಿಜಿ ಮಾಡಿಸಿ.

ಬೆನ್ನಿಂದ ಎದೆವರೆಗೆ ಪಕ್ಕೆಯುದ್ದಕ್ಕೂ ಗುಳ್ಳೆ ಎದ್ದಿದೆ. ಸರ್ಪಸುತ್ತಾ?

ಒಂದೇ ಕಡೆ ಪಟ್ಟಿ ಹೊಡೆದ ಹಾಗೆ ಎದ್ದಿದ್ದರೆ, ಗುಳ್ಳೆ ಬರುವ ಎರಡು ಮೂರು ದಿನ ಮೊದಲೇ ಉರಿ ಶುರುವಾಗಿದ್ದರೆ, ಬಹುಮಟ್ಟಿಗೆ ಹೌದು. ಹಾವಿಗೂ ಅದಕ್ಕೂ ಸಂಬಂಧವಿಲ್ಲ. ಚಿಕ್ಕಂದಿನಲ್ಲಿ ಸಿಡುಬಿನ ಹಾಗೆ ಬಂದು ಹೋದ ಚಿಕನ್‌ಪಾಕ್ಸ್‌ನ ವೈರಸ್ ನರದ ಬುಡದಲ್ಲಿ ಮಲಗಿದ್ದು, ವಯಸ್ಸಾದ ಮೇಲೋ ಮೈ ಸೋತಾಗಲೋ ಎದ್ದು ಬರುತ್ತದೆ. ಪ್ರತಿ ಪಕ್ಕೆಲುಬಿನ ಕೆಳಗೂ ಒಂದು ನರ ಬೆನ್ನಿಂದ ಎದೆಗೆ ಹರಿಯುತ್ತದೆ. ವೈರಸ್ ಆ ದಾರಿ ಹಿಡಿದು ಬರೋದರಿಂದ ಗುಳ್ಳೆಯೂ ಅದೇ ಸಾಲಿನಲ್ಲಿ ಏಳುತ್ತದೆ. ಗುಳ್ಳೆಯ ಸಾಲು ಮೈ ಸುತ್ತಿ ಅದರ ತಲೆ ಬಾಲ ಕೂಡಿದರೆ ಸಾವು ಅನ್ನೋದು ಕಟ್ಟುಕಥೆ. ಗುಳ್ಳೆ ಕಂಡ 72 ಗಂಟೆಯೊಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯದು, ಇಲ್ಲದಿದ್ದರೆ ಗುಳ್ಳೆ ಮಾಸಿದ ಮೇಲೂ ಉರಿ ತಿಂಗಳುಗಟ್ಟಲೆ ಉಳಿಯಬಹುದು. ಕೆಮ್ಮಣ್ಣು ಬಳಿದು, ಮಂತ್ರ ಹಾಕಿಸಿ ಆ ಮೂರು ದಿನ ಕಳೆದುಕೊಳ್ಳುವವರೇ ಜಾಸ್ತಿ.

ಮಗುಗೆ ನೆಗಡಿ ಕೆಮ್ಮು, ಪಕ್ಕೆ ಸೆಳೀತಾ ಇದೆ. ಏನ್ ಮಾಡ್ಲಿ?

ಇದನ್ನು ಓದೋದು ಬಿಟ್ಟು ಮೊದಲು ಆಸ್ಪತ್ರೆಗೆ ಹೊರಡಿ. ಉಸಿರು ಎಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಹೋಗುತ್ತಿದ್ದರೆ ಅದು ನ್ಯುಮೋನಿಯಾದ ಗುರುತು ಇರಬಹುದು. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40. ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ವೇಗದ ಉಸಿರು ಅಂತಲೇ ಲೆಕ್ಕ. ಹೊಟ್ಟೆಗೆ, ಪಕ್ಕೆಗೆ ಬರೆ ಹಾಕಿಸಿದರೆ ಹೋಗುತ್ತೆ ಅಂತ ಯಾರಾದರೂ ಅಜ್ಜಿ ಹೇಳಿದರೆ ಕೈಮುಗಿದು ಬೇಡ ಅನ್ನಿ. ಸುಟ್ಟ ಗಾಯ ಮಗುವಿನ ಪಾಲಿಗೆ ಇನ್ನೊಂದು ಕಾಯಿಲೆ ಆಗುತ್ತದೆ ಅಷ್ಟೇ.

ಗುಂಡಿಗೆ ನಿಂತವರಿಗೆ ಎದೆ ಒತ್ತುವ ಸಿಪಿಆರ್ ಮಾಡುವಾಗ ಪಕ್ಕೆಲುಬು ಲಟಕ್ ಅಂದರೆ ನಿಲ್ಲಿಸಬೇಕಾ?

ನಿಲ್ಲಿಸಬೇಡಿ. ದೊಡ್ಡವರಿಗೆ ಸರಿಯಾಗಿ ಒತ್ತಿದರೆ ಪಕ್ಕೆಲುಬು ಮುರಿಯೋದು ಸಾಮಾನ್ಯ. ಎದೆಯ ನಡುವೆ, ಕನಿಷ್ಠ 5 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ. ಮುರಿದ ಮೂಳೆ ಕೂಡುತ್ತದೆ, ನಿಂತ ಗುಂಡಿಗೆ ಕಾಯಲ್ಲ.

ಓಡುವಾಗ ಪಕ್ಕೆ ಚುಚ್ಚುತ್ತಲ್ಲ, ಅದೇನು?

ಮೂಳೆಯದಲ್ಲ. ಹೊಟ್ಟೆ ತುಂಬ ತಿಂದು ಓಡಿದರೆ ಜಾಸ್ತಿ. ನಿಧಾನಿಸಿ, ಮುಂದಕ್ಕೆ ಬಗ್ಗಿ, ಚುಚ್ಚುವ ಕಡೆ ಒತ್ತಿ ಹಿಡಿದರೆ ಹೋಗುತ್ತದೆ.

ಮಟನ್ ಅಂಗಡಿಯಲ್ಲಿ ಪಕ್ಕೆ ಅಂತ ಕೇಳಬೇಕಾ, ಚಾಪ್ಸ್ ಅಂತ ಕೇಳಬೇಕಾ?

ಚಾಪ್ಸ್ ಅನ್ನಿ, ಎಲ್ಲರಿಗೂ ಅರ್ಥವಾಗುತ್ತದೆ. ಬೆನ್ನುಮೂಳೆಯ ತುಂಡು ಸೇರಿಸಿ ಪಕ್ಕೆಲುಬು ಒಂದೊಂದಾಗಿ ಬಿಡಿಸಿದ ತುಂಡು ಅದು. ಬೆನ್ನಿನ ಕಡೆಯ ಮಾಂಸ ಮೆತ್ತಗಿರುತ್ತದೆ, ಬೇಗ ಬೇಯುತ್ತದೆ. ಎದೆ ಕಡೆಗೆ ಬಂದ ಹಾಗೆ ಕೊಬ್ಬು, ಮೃದುಮೂಳೆ ಜಾಸ್ತಿ, ಬೇಯೋಕೂ ಹೊತ್ತು ಬೇಕು, ಸಾರಿಗೆ ರುಚಿ ಕೊಡೋದು ಮಾತ್ರ ಅದೇ. ಮುದ್ದೆ ಜೊತೆ ಸಾರು ಮಾಡೋರು ಎರಡನ್ನೂ ಬೆರೆಸಿ ತನ್ನಿ. ಬರೀ ಹುರಿಯೋದಾದರೆ ಬೆನ್ನಿನ ಕಡೆದು ಕೇಳಿ, ತೆಳ್ಳಗೆ ಹೊಡೆಯಬೇಡ ಅಂತ ಹೇಳಿ. ಹೋಟೆಲಿನ ಚಾಪ್ಸ್ ಬೇರೆ ಸಂಗತಿ: ಅಲ್ಲಿ ಅದು ಒಂದು ಮಸಾಲೆಯ ಹೆಸರಾಗಿಬಿಟ್ಟಿದೆ. ಚಿಕನ್ ಚಾಪ್ಸ್ ತಟ್ಟೆಯಲ್ಲಿ ಪಕ್ಕೆಲುಬು ಹುಡುಕಬೇಡಿ.

ಯುಗಾದಿ ಮಾರನೆ ದಿನದ ಹೊಸತೊಡಕಿಗೆ ಗುಡ್ಡೆ ಬಾಡು, ಅಂದರೆ ಪಾಲು ಹಾಕಿ ಹಂಚಿಕೊಳ್ಳುವ ಮಾಂಸ, ತರುವವರಿಗೆ ಈ ತಲೆನೋವೇ ಇಲ್ಲ. ಹಾಸಿದ ಟಾರ್ಪಾಲ್ ಮೇಲೆ ಎಷ್ಟು ಪಾಲೋ ಅಷ್ಟು ಗುಡ್ಡೆ. ಕೊಯ್ಯುವವನು ತೊಡೆ ಒಂದು ಸುತ್ತು ಹಂಚುತ್ತಾನೆ, ಆಮೇಲೆ ಈಲಿ (ಲಿವರ್), ಬೋಟಿ (ಕರುಳು), ಆಮೇಲೆ ಪಕ್ಕೆ. ಒಂದು ಗುಡ್ಡೆಗೆ ಚಾಪ್ಸ್ ಒಂದು ಜಾಸ್ತಿ ಬಿತ್ತು ಅಂತ ಕಂಡರೆ ಸುತ್ತ ಕೂತವರೇ "ಅಲ್ಲಿಂದ ತಗ್ದು ಇಲ್ಲಿಗಾಕು" ಅಂತಾರೆ. ಕುರಿಗೆ ಸಾಮಾನ್ಯವಾಗಿ 13 ಜೊತೆ ಪಕ್ಕೆಲುಬು, ಅಂದರೆ ಒಂದು ಕುರಿಯಿಂದ 26. ಪಾಲುದಾರರು ಅದಕ್ಕಿಂತ ಹೆಚ್ಚಾದರೆ ಮಚ್ಚಿಗೆ ಕೆಲಸ ಜಾಸ್ತಿ.

ಬಂಡೂರು ಕುರಿ ಪಕ್ಕೆ ಯಾಕೆ ಅಷ್ಟು ರುಚಿ?

ಬಂಡೂರು ಮಳವಳ್ಳಿ ತಾಲ್ಲೂಕಿನ ಊರು. ಬನ್ನೂರು ಕುರಿ ಅಂತಲೂ ಕರೆಯುತ್ತಾರೆ, ಬನ್ನೂರು ಇರೋದು ತಿ. ನರಸೀಪುರದ ಕಡೆ. ತಳಿಯ ಪುಸ್ತಕಗಳಲ್ಲಿ ಮಂಡ್ಯ ತಳಿ ಅಂತ ಇರುತ್ತದೆ. ಗಿಡ್ಡ ಕಾಲು, ಅಗಲ ಮೈ, ಹಿಂದಿನಿಂದ ನೋಡಿದರೆ ತೊಡೆಗಳು ಬೋರಲು ಬಿದ್ದ ಲಾಳದ ಆಕಾರ. ಕೊಬ್ಬು ಒಂದೇ ಕಡೆ ಗಡ್ಡೆ ಕಟ್ಟದೆ ಮಾಂಸದ ಎಳೆಯೊಳಗೆ ಹರಡಿರುವುದರಿಂದ ಮೆತ್ತಗಿರುತ್ತದೆ. ಈಗ ಬಂಡೂರು ಅಂತ ಬೋರ್ಡ್ ಹಾಕಿದ ಕಡೆಯೆಲ್ಲ ಬಂಡೂರೇ ಸಿಗುತ್ತೆ ಅಂತ ನಾನಂತೂ ನಂಬಲ್ಲ.

ನಮ್ಮ ಹಸು ಪಕ್ಕೆ ಮೂಳೆ ಎಣಿಸೋ ಹಾಗಾಗಿದೆ. ಮೇವು ಸಾಲದಾ?

ಹಾಲು ಕೊಡೋ ಸೀಮೆ ತಳಿಯ ಎಚ್‌ಎಫ್ ಹಸುವಿಗೆ ಕೊನೆಯ ಎರಡು ಮೂರು ಪಕ್ಕೆಲುಬು ಕಂಡೂ ಕಾಣದ ಹಾಗಿದ್ದರೆ ಗಾಬರಿ ಬೇಡ, ಕರು ಹಾಕಿದ ಹೊಸದರಲ್ಲಿ ಮೈ ಇಳಿಯೋದು ಇದ್ದದ್ದೇ. ಎಲ್ಲವೂ ಎದ್ದು ಕಂಡರೆ ಮೇವಿನ ಜೊತೆ ಜಂತುಹುಳದ ಔಷಧವನ್ನೂ ವಿಚಾರಿಸಿ. ಕೊನೆಯ ಪಕ್ಕೆಲುಬಿನ ಹಿಂದೆ ಎಡಗಡೆಯ ಗುಳಿ ಉಬ್ಬಿ, ತಟ್ಟಿದರೆ ಡಬಡಬ ಅಂದರೆ ಅದು ಹೊಟ್ಟೆ ಉಬ್ಬರ. ಅದಕ್ಕೆ ಕಾಯಬಾರದು, ಪಶುವೈದ್ಯರಿಗೆ ಫೋನ್ ಮಾಡಿ.

ಹಾವಿಗೆ ಮೂಳೆ ಇದೆಯಾ ಮೇಷ್ಟ್ರೇ?

ಇರೋದೇ ಬೆನ್ನುಮೂಳೆ, ಪಕ್ಕೆಲುಬು, ತಲೆಬುರುಡೆ. ನೂರಕ್ಕೂ ಹೆಚ್ಚು ಜೊತೆ ಪಕ್ಕೆಲುಬು, ಎದೆಮೂಳೆ ಮಾತ್ರ ಇಲ್ಲ. ಮುಂದೆ ಕಟ್ಟಿಹಾಕುವ ಮೂಳೆ ಇಲ್ಲದ್ದರಿಂದಲೇ ತನಗಿಂತ ದಪ್ಪದ ಹೆಗ್ಗಣ ನುಂಗಿದರೂ ಮೈ ಹಿಗ್ಗಿಕೊಡುತ್ತದೆ. ನಾಗರಹಾವು ಹೆಡೆ ಬಿಚ್ಚೋದೂ ಪಕ್ಕೆಲುಬಿನಿಂದಲೇ. ಕತ್ತಿನ ಹತ್ತಿರದವು ಉದ್ದವಾಗಿದ್ದು, ಅವನ್ನು ಅಗಲಿಸಿದರೆ ಚರ್ಮ ಬಿಗಿದು ಹೆಡೆಯಾಗುತ್ತದೆ. ಆಮೆ ಇನ್ನೂ ವಿಚಿತ್ರ, ಅದರ ಪಕ್ಕೆಲುಬೇ ಅಗಲವಾಗಿ ಬೆಸೆದುಕೊಂಡು ಚಿಪ್ಪಾಗಿದೆ. ಚಿಪ್ಪು ಬಿಟ್ಟು ಆಮೆ ಹೊರಗೆ ಬರೋ ಕಾರ್ಟೂನ್ ನೋಡಿದಾಗ ಇದು ನೆನಪಿರಲಿ.

ಮೀನು ತಿನ್ನುವವರಿಗೆ: ಕಾಟ್ಲಾ, ರೋಹುವಿನ ದೊಡ್ಡ ಬಾಗಿದ ಮುಳ್ಳುಗಳು ಪಕ್ಕೆಲುಬು, ಅವನ್ನು ಎಳೆದು ತೆಗೆಯಬಹುದು. ಮಾಂಸದೊಳಗೆ ಅಡಗಿ ಗಂಟಲಿಗೆ ಸಿಕ್ಕಿಕೊಳ್ಳುವ ಕವಲು ಮುಳ್ಳು ಪಕ್ಕೆಲುಬಲ್ಲ.

ಎಲೆಗಳ ನಡುವಿನ ದಪ್ಪ ನರಕ್ಕೂ ರಿಬ್ ಅಂತಾರಾ?

ಹೌದು, ನಾವು ನಡುನರ ಅಂತೀವಿ. ವೀಳ್ಯದೆಲೆಗೆ ಸುಣ್ಣ ಹಚ್ಚೋ ಮುಂಚೆ ಹಿಂಬದಿಯಿಂದ ಉಗುರಲ್ಲಿ ಸೀಳಿ ತೆಗೆಯುವ ನಾರು, ತೆಂಗಿನ ಗರಿ ಹೆರೆದರೆ ಉಳಿಯುವ ಪೊರಕೆ ಕಡ್ಡಿ, ಎರಡೂ ಅದೇ. ಕಬ್ಬಿನವರು ಇದನ್ನು ನೋಡೋದು ಕಲಿಯಬೇಕು. ಗರಿಯ ನಡುನರದ ಮೇಲೆ ಕೆಂಪು ಮಚ್ಚೆ ಕಂಡರೆ ಕೆಂಪು ಕೊಳೆ ರೋಗದ ಅನುಮಾನ. ಆ ಜಲ್ಲೆಯನ್ನು ಉದ್ದಕ್ಕೆ ಸೀಳಿ: ಒಳಗೆ ಕೆಂಪು ತಿರುಗಿ, ಅಡ್ಡಡ್ಡ ಬಿಳಿ ಪಟ್ಟೆ ಇದ್ದು, ಹುಳಿ ಹೆಂಡದ ವಾಸನೆ ಬಂದರೆ ಅದೇ. ಆ ತಾಕಿನ ಬಿತ್ತನೆ ಕಬ್ಬು ಇನ್ನೊಬ್ಬರಿಗೆ ಕೊಡಬೇಡಿ.

ಕಬ್ಬಿಣದ ಕಂಬಿ ಮೇಲಿನ ಗೀರು ಯಾಕೆ?

ಆ ಉಬ್ಬು ಗೀರೇ ರಿಬ್ಬು, ಅದಿರೋದು ಕಾಂಕ್ರೀಟು ಹಿಡಿದುಕೊಳ್ಳೋಕೆ. ನುಣುಪು ಕಂಬಿ ಎಳೆದರೆ ಜಾರುತ್ತದೆ, ಅದಕ್ಕೇ ಹಿಂದೆ ತುದಿಯನ್ನು ಕೊಕ್ಕೆ ಬಗ್ಗಿಸುತ್ತಿದ್ದರು. ಗೀರು ಚೆನ್ನಾಗಿದೆ ಅಂತ ಮಾತ್ರ ನೋಡಿ ಕೊಳ್ಳಬೇಡಿ, ತೂಕ ಹಾಕಿಸಿ. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ಬರೆದು, ಅದನ್ನು ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತದೆ. 10 ಎಂಎಂ ಕಂಬಿ 12 ಮೀಟರಿಗೆ ಸುಮಾರು 7.4 ಕೆಜಿ, 12 ಎಂಎಂ ಸುಮಾರು 10.7. ಸ್ವಲ್ಪ ಹೆಚ್ಚುಕಡಿಮೆ ಇರಲಿ, ಜಾಸ್ತಿ ಕಡಿಮೆ ಬಂದರೆ ಕಂಬಿ ತೆಳು.

ಟ್ರ್ಯಾಕ್ಟರ್ ಮುಂದಿನ ಟೈರು ಹಿಂದಿನದರ ಹಾಗೆ ಯಾಕಿಲ್ಲ?

ಹಿಂದಿನದು ನೆಲ ಕಚ್ಚಿ ತಳ್ಳಬೇಕು, ಅದಕ್ಕೆ ಅಡ್ಡ ಹಲ್ಲು. ಮುಂದಿನದು ತಿರುಗಿಸಿದ ಕಡೆ ಹೋಗಬೇಕು, ಅದಕ್ಕೆ ಸುತ್ತಲೂ ಉದ್ದ ಪಟ್ಟಿ, ಅದೇ ರಿಬ್ಬು. ಆ ಪಟ್ಟಿ ಸವೆದಿದ್ದರೆ ಕೆಸರುಗದ್ದೆಯಲ್ಲಿ ಸ್ಟೀರಿಂಗ್ ತಿರುಗಿಸಿದರೂ ಗಾಡಿ ನೇರವೇ ಹೋಗುತ್ತದೆ.

ಸ್ವೆಟರ್ ತೋಳಿನ ಅಂಚು ಸಡಿಲವಾಗಿದೆ, ಸರಿ ಮಾಡಬಹುದಾ?

ಒಂದು ಮನೆ ಸೀದಾ, ಒಂದು ಮನೆ ಉಲ್ಟಾ ಹೆಣೆದು ಬರೋದೇ ರಿಬ್. ಎಲಾಸ್ಟಿಕ್ ಇಲ್ಲದೆ ಎಳೆದು ಬಿಟ್ಟರೆ ಮತ್ತೆ ಕೂಡಿಕೊಳ್ಳುತ್ತದೆ. ಒಗೆದು ಹಗ್ಗದ ಮೇಲೆ ನೇತು ಹಾಕಿದರೆ ನೀರಿನ ಭಾರಕ್ಕೆ ಜಗ್ಗುತ್ತದೆ, ನೆರಳಲ್ಲಿ ಚಪ್ಪಟೆ ಹಾಸಿ ಒಣಗಿಸಿ. ಉಣ್ಣೆಯದಾದರೆ ಒದ್ದೆ ಇರುವಾಗಲೇ ಅಂಚನ್ನು ಕೈಯಲ್ಲಿ ಒತ್ತಿ ಕೂಡಿಸಿಟ್ಟರೆ ಸುಮಾರಾಗಿ ವಾಪಸ್ ಬರುತ್ತದೆ.

ಛತ್ರಿ ಕಡ್ಡಿ ಒಂದು ಮುರಿದಿದೆ. ಹೊಸದು ತಗೊಳ್ಳೋದೇ ವಾಸಿನಾ?

ಛತ್ರಿ ಕಡ್ಡಿಗೂ ಇಂಗ್ಲಿಷಿನಲ್ಲಿ ರಿಬ್ ಅಂತಲೇ ಹೆಸರು. ಮೊದಲು ಎಲ್ಲಿ ಮುರಿದಿದೆ ನೋಡಿ. ಸಾಮಾನ್ಯ ಛತ್ರಿಗೆ ಎಂಟು ಕಡ್ಡಿ. ಕಡ್ಡಿಯನ್ನು ಬೆರಳಲ್ಲಿ ಸವರಿದರೆ ಅದು ಗುಂಡಗಿಲ್ಲ, ಒಳಗೆ ಕಾಲುವೆ ಇದೆ ಅಂತ ಗೊತ್ತಾಗುತ್ತದೆ. 1852ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಫಾಕ್ಸ್ ಮಾಡಿದ ಉಪಾಯ ಅದು: ಉಕ್ಕು ಕಡಿಮೆ, ತೂಕ ಕಡಿಮೆ, ಆದರೂ ಬಗ್ಗಿ ಮತ್ತೆ ನೇರವಾಗುತ್ತದೆ. ಬಟ್ಟೆಯ ತುದಿಯ ಹೊಲಿಗೆ ಬಿಟ್ಟಿದ್ದರೆ ಸೂಜಿ ದಾರ ಸಾಕು. ಕಡ್ಡಿ ಅರ್ಧದಲ್ಲಿ ಮುರಿದಿದ್ದರೆ ರಿಪೇರಿಯವರು ಹಳೆ ಛತ್ರಿಯ ಕಡ್ಡಿ ತುಂಡನ್ನು ಆ ಕಾಲುವೆಯ ಮೇಲೆ ಕೂರಿಸಿ ತಂತಿ ಸುತ್ತಿಕೊಡುತ್ತಾರೆ, ವರ್ಷಗಟ್ಟಲೆ ಬರುತ್ತದೆ. ನಡುವಿನ ಕಂಬಿಗೆ ಸೇರುವ ಬುಡದಲ್ಲೇ ಮುರಿದಿದ್ದರೆ ಬಿಡಿ, ಹೊಸದೇ ತಗೊಳ್ಳಿ. ಮೂರು ಮಡಿಕೆಯ ಸಣ್ಣ ಛತ್ರಿಯನ್ನು ಮಾತ್ರ ಆಷಾಢದ ಗಾಳಿಗೆ ನಂಬಿಕೊಂಡು ಹೋಗಬೇಡಿ, ಅದರ ಕಡ್ಡಿಯಲ್ಲಿ ಕೀಲು ಜಾಸ್ತಿ, ತಿರುವು ಮುರುವು ಆದರೆ ಅಲ್ಲೇ ಮೊದಲು ಹೋಗೋದು.